ದಿನಚರಿಯಲ್ಲಿ ಬರೆಯದ ನೋವು

“ಇವತ್ತರ ನನ್ನ ಸುಮ್ಮನ ಬಿಡ್ತಿಯೋ ಇಲ್ಲೋ?”

ಸತ್ತೂರಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಎಡ ಕಣತಲೆ ಒತ್ತಿ ಹಿಡಿದು ಸೌಂದರ್ಯಾ ಕೇಳಿದಳು. ಕೇಳಿದ್ದು ಯಾರನ್ನೂ ಅಲ್ಲ... ಹುಬ್ಬಿನ ಹಿಂದೆ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದ ಆ ನೋವನ್ನು.

“ನಾ ಏನೂ ಮಾಡಿಲ್ರಿ!”

ಬೆಚ್ಚಿ ತಿರುಗಿದಳು. ಕಂಬದ ಮರೆಯ ಬೆಂಚಿನಲ್ಲಿ ಒಬ್ಬ ಯುವಕ ಕೂತಿದ್ದ.

“ನಿಮಗಲ್ರಿ...” ಅವಳ ಮುಖ ಕೆಂಪಾಯಿತು.

“ಗೊತ್ತಾತ್ರಿ. ನಾನೂ ನನ್ನ ತಲಿನೋವಿಗೆ ಬೈತೇನಿ. ಆದ್ರ ಹಿಂಗ ಎದುರಿಗೆ ನಿಲ್ಲಿಸಿ ಕೇಳಂಗಿಲ್ಲ!”

ಅವನು ಬಸವಕಿರಣ, ಅಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸೂಪರ್‌ವೈಸರ್. ಅವಳು ಗೋಪನಕೊಪ್ಪದ ಶಾಲೆಯೊಂದರಲ್ಲಿ ಟೀಚರ್. ಇಬ್ಬರೂ ತಲೆನೋವಿಗೆಂದು ಬಂದದ್ದು ಆಸ್ಪತ್ರೆಯ ಆಪ್ತಸಮಾಲೋಚಕಿ ಮಂದಾಕಿನಿ ಮೇಡಂ ಹತ್ತಿರ. ಎಂಟು ಶನಿವಾರ ಉಸಿರಾಟದ ಅಭ್ಯಾಸ, ಬಿಗಿದ ಸ್ನಾಯು ಸಡಿಲಿಸುವ ಅಭ್ಯಾಸ. ದಿನವೂ ನೋವಿಗೆ ಹತ್ತರೊಳಗೆ ಅಂಕ ಕೊಟ್ಟು ದಿನಚರಿ ಬರೆಯಬೇಕು.

ಕಿರಣ ಮೇಡಂ ಜೊತೆ ವಾದಿಸುತ್ತಿದ್ದ. “ಈ ವಾರ ಮೂರು ದಿನ ಮಾಡೇ ಇಲ್ರಿ” ಎಂದು ನಗುತ್ತ ಒಪ್ಪಿಕೊಳ್ಳುತ್ತಿದ್ದ. ಆದರೂ ಅವನ ಒಂಬತ್ತು, ನಾಲ್ಕಕ್ಕೆ ಇಳಿದಿತ್ತು!

ಸೌಂದರ್ಯಾ ಗಡಿಯಾರ ಮುಂದಿಟ್ಟುಕೊಂಡು ಎರಡು ಹೊತ್ತೂ ಇಪ್ಪತ್ತು ನಿಮಿಷ ಕೂರುತ್ತಿದ್ದಳು.

“ಟೀಚರ್, ಆರಾಮ ಆಗಾಕ ಹಲ್ಲು ಕಚ್ಚಿ ಕುಂದರ್ತೀರಲ್ರಿ! ಪರೀಕ್ಷಾ ಬರ್ಯಾಕತ್ತೀರೇನು?”

ಅವಳು ನಕ್ಕಳು. ಎಷ್ಟು ತಿಂಗಳಾಗಿತ್ತು ನಕ್ಕು! ಮರುಕ್ಷಣವೇ ತನ್ನ ದಿನಚರಿಯನ್ನು ಮುಚ್ಚಿಕೊಂಡಳು. *ಇವನ ಕಣ್ಣಿಗೆ ನನ್ನ ಸುಳ್ಳು ಎಷ್ಟು ದಿನ ಮರೆಯಾದೀತು?*

ಅವಳ ದಿನಚರಿಯ ತುಂಬ ಎರಡು, ಎರಡು, ಎರಡು. ನಿಜವಾದ ನೋವು ಎಂಟು. ಇಷ್ಟು ಪ್ರೀತಿಯಿಂದ ಕಲಿಸುವ ಮೇಡಂಗೆ ಗುಣವಾಗಿಲ್ಲ ಎಂದು ಹೇಗೆ ಹೇಳುವುದು? ಶಾಲೆಯಲ್ಲಿ ಎಲ್ಲರ ಪಾಲಿನ ಕೆಲಸಕ್ಕೂ “ಆತ್ರಿ” ಎನ್ನುವ ನಾಲಗೆ ಅವಳದು. ಅದಕ್ಕೇ ಮೇಡಂ ಅವಳಿಗೊಂದು ಬೇರೆ ಅಭ್ಯಾಸ ಕೊಟ್ಟಿದ್ದರು: ದಿನಕ್ಕೊಮ್ಮೆ ಯಾರಿಗಾದರೂ ‘ಒಲ್ಲೆ’ ಅನ್ನಬೇಕು. ಒಮ್ಮೆಯೂ ಅನ್ನದೆ, ಅದರ ಮುಂದೆಯೂ ‘ಆಯಿತು’ ಎಂದು ಬರೆದಿದ್ದಳು. ಕದ್ದು ದಿನಕ್ಕೆ ನಾಲ್ಕು ಗುಳಿಗೆ ನುಂಗುತ್ತಿದ್ದಳು.

ಐದನೆಯ ಶನಿವಾರ ದಿನಚರಿ ತೆಗೆಯುವಾಗ ಚೀಲದಿಂದ ಖಾಲಿ ಗುಳಿಗೆಪಟ್ಟಿಗಳು ಕಿರಣನ ಕಾಲ ಬಳಿ ಬಿದ್ದವು.

ಅವನ ನಗೆ ಆರಿಹೋಯಿತು. “ಇವೆಲ್ಲಾ... ಒಂದ ವಾರದ್ದೇನ್ರಿ?”

“ಕೈ ಮುಗೀತೇನ್ರಿ... ಮೇಡಂಗ ಹೇಳಬ್ಯಾಡ್ರಿ!”

ಮುಗಿದ ಆ ಕೈಗಳನ್ನು ಅವನು ದಿಟ್ಟಿಸಿ ನೋಡಿದ. ಮುಖ ಬಿಳುಪೇರಿತು. ಸೀದಾ ಒಳಗೆ ಮೇಡಂ ಹತ್ತಿರ ಹೋದ.

ಮೇಡಂ ಬೈಯಲಿಲ್ಲ. “ಸೌಂದರ್ಯಾ, ಈ ಗುಳಿಗಿನೇ ಈಗ ನೋವು ಹಡ್ಯಾಕತ್ತಾವು. ಕಿರಣ ಹಠಮಾರಿ, ಆದ್ರ ಮಾಡಿಲ್ಲಂದ್ರ ಮಾಡಿಲ್ಲ ಅಂತಾನ. ನೀ ನನಗೂ ಛಲೋ ಹುಡಿಗಿ ಆಗಾಕ ಹೊಂಟಿ. ಪಾಠ ಒಂದ, ಸ್ವಭಾವ ಬ್ಯಾರೆ. ಖರೇ ನೋವು ತೋರಸದಿದ್ರ ನಾ ಯಾವುದಕ್ಕ ಉಪಚಾರ ಮಾಡ್ಲಿ?”

ಹೊರಬಂದವಳು ಕಿರಣನ ಮುಖ ನೋಡಿದಳು. “ಚಾಡಿಕೋರ!”

ಮುಂದಿನ ಎರಡು ಶನಿವಾರ ಹೋಗಲಿಲ್ಲ. ಅವನ ಫೋನೂ ಎತ್ತಲಿಲ್ಲ. ಗುಳಿಗೆ ಐದಾಯಿತು.

ಒಂದು ಮುಂಜಾನೆ ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ಅಡುಗೆಮನೆಯಿಂದ ತಾಯಿ ಶರಣವ್ವ ವಚನ ಹೇಳಿಕೊಳ್ಳುವ ದನಿ ತೇಲಿ ಬರುತ್ತಿತ್ತು.

ಲಿಂಗದ ಅರ್ಧ ಕಾಣಲಿಲ್ಲ.

ಕಣ್ಣು ಮಿಟುಕಿಸಿದಳು. ಈಗ ಎರಡು ಬೆರಳೂ ಇಲ್ಲ! ಅವು ಇದ್ದಲ್ಲಿ ಗರಗಸದ ಹಲ್ಲಿನಂಥ ಬೆಳಕೊಂದು ನಡುಗುತ್ತಿತ್ತು. *ಶಿವನೇ... ಸ್ಕೂಟಿ ಮೇಲೆ ಹೀಗಾಗಿದ್ದರೆ?*

ಬಲಗೈ ತಾನಾಗಿ ಗುಳಿಗೆಯತ್ತ ಚಾಚಿತು. ನಡುದಾರಿಯಲ್ಲೇ ನಿಂತಿತು. *ಅಂಗೈಯಲ್ಲಿ ಶಿವನನ್ನೇ ಇಟ್ಟುಕೊಂಡು, ಇವತ್ತೂ ಎರಡು ಅಂತಲೇ ಬರೆಯುತ್ತೀಯಾ?*

“ಅವ್ವಾ! ಲಗೂ ಬಾ...”

ಕಣ್ಣು ತಿಳಿಯಾದ ಮೇಲೆ ದಿನಚರಿ ತೆರೆದು ಎಲ್ಲ ‘ಎರಡು’ಗಳನ್ನೂ ಹೊಡೆದು ಹಾಕಿದಳು. ಎಂಟು. ಒಂಬತ್ತು. ಎಂಟು. ಪ್ರತಿ ‘ಆಯಿತು’ ಮೇಲೂ ಗೀಟು ಎಳೆದಳು.

ಎಂಟನೆಯ ಶನಿವಾರ ಅದನ್ನು ನೋಡಿದ ಮೇಡಂ, “ನಿಂದು ಇವತ್ತಿಂದ ಶುರು,” ಎಂದರು. “ಕಣ್ಣಿಗೆ ಬೆಳಕು ಕುಣಿದದ್ದೂ ಈ ತಲಿನೋವಿಂದನ. ಡಾಕ್ಟರ್ ಹೇಳ್ದಂಗ ಗುಳಿಗಿ ಬಿಡಬೇಕು. ಮೊದಲ ಕೆಲವು ದಿನ ನೋವು ಇನ್ನೂ ಏರತೈತಿ. ಒಬ್ಬಾಕಿನ ಇರಬ್ಯಾಡ.”

ಹೊರಗೆ ಅದೇ ಬೆಂಚು. ಅದೇ ಕಿರಣ. ಅವಳನ್ನು ಕಂಡು ಎದ್ದು ನಿಂತ.

“ನಮ್ಮಕ್ಕನೂ ಹಿಂಗ ಗುಳಿಗಿ ಮುಚ್ಚಿಡ್ತಿದ್ಲು,” ಎಂದ ಮೆಲ್ಲಗೆ. “ಯಾರಿಗೂ ಹೇಳಬ್ಯಾಡಂತ ಕೈ ಮುಗದ್ಲು. ನಾ ಹೇಳಲಿಲ್ರಿ. ಕಿಡ್ನಿ ಹೋಗಿದ್ದು ಗೊತ್ತಾಗೂದ್ರಾಗ ಕೈ ಮೀರಿತ್ರಿ...”

ಅವನು ಬೆಂಚಿನ ಅಂಚು ಹಿಡಿದು ನೆಲ ನೋಡಿದ.

ಸೌಂದರ್ಯಾಳ ಕಣ್ಣು ತುಂಬಿತು. *ಚಾಡಿಕೋರ ಅಂದೆನಲ್ಲ... ಇವನನ್ನು!*

“ನಂದು ಇವತ್ತಿಗೆ ಮುಗೀತ್ರಿ,” ಅವನೇ ಮುಂದುವರಿಸಿದ. “ಹೇಳದ ಹೋಗಬೇಕಂತಿದ್ದೆ, ಆಗಲಿಲ್ಲ. ನಿಮ್ಮ ಮ್ಯಾಲ ಜೀವ ಇಟ್ಟೇನಿ. ಆದ್ರ ಗುಳಿಗಿ ಬಿಟ್ರ ನಿಮಗ ಕೆಟ್ಟ ದಿನಾ ಬರೂವಾವ. ನನ್ನ ಮಾರಿ ನೋಡಿದ್ರ ಆ ಸಿಟ್ಟಿಗೇ ನೋವು ಹೆಚ್ಚಾದೀತು. ನನ್ನ ಮರ್ತುಬಿಡ್ರಿ, ಟೀಚರ್. ಇಷ್ಟೊಂದು ನಡಸ್ಕೊಡ್ರಿ.”

ಎಡ ಹುಬ್ಬಿನ ಹಿಂದೆ ಮತ್ತೆ ಹೆಜ್ಜೆಸಪ್ಪಳ. ಮೊದಲ ಮೆಟ್ಟಿಲು... ಎರಡನೆಯದು. ಬರಲಿರುವುದು ಬಂದೇ ಬರುತ್ತದೆ. ರೂಢಿಯ “ಆತ್ರಿ” ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಸೌಂದರ್ಯಾ ಅವನ ಕೈ ಹಿಡಿದಳು.

“ಬ್ಯಾರೆ ಏನರ ಕೇಳ್ರಿ, ಕೊಡ್ತೇನಿ. ಇದೊಂದು ಒಲ್ಲೆ.”