ನಾಲ್ಕು ರಿಕಾರ್ಡು ಅವರಿಗೆ, ನಾಲ್ಕು ಇವರಿಗೆ

"ಅಂದ್ರ... ಆಕಿ ಸತ್ತಿಲ್ಲ?"

ಮೂಡಲಗಿಯ ಮದುವೆ ಹಂದರದಲ್ಲಿ ಇಂದುಬಾಯಿ ನಿಂತಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ತಾಟಿನಿಂದ ಅಕ್ಷತೆ ಚೆಲ್ಲಿದ್ದೂ ಗೊತ್ತಾಗಲಿಲ್ಲ. ಮೂಲೆಯ ಗ್ರಾಮಫೋನಿನಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು. ಆ ದನಿ ಅವಳಿಗೆ ಹೆತ್ತವ್ವನ ದನಿಯಷ್ಟೇ ಗುರುತು! ಆದರೆ ಈ ಹಾಡನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ನೆಟ್ಟಗೆ ಹೋಗಿ, ಪೆಟ್ಟಿಗೆಗೆ ಕೀಲಿ ಕೊಡುತ್ತಿದ್ದ ತರುಣನನ್ನು ಕೇಳಿಯೇಬಿಟ್ಟಳು.

"ಏನ್ರಿ, ಯಾರು ಹಾಡಾಕತ್ತಾರ ಇದನ್ನ?"

"ರಾಣಿ ಕುಸುಮಾವತಿ."

"ಸುಳ್ಳ! ಆಕಿ ಹೊಳಿಗಿ ಹಾರಿ ಸತ್ತಾಳ!"

ತರುಣ ಬಾಯಿ ತೆರೆದು ನೋಡಿದ. ಆಮೇಲೆ ನಕ್ಕ.

"ಯಾರು ಹೇಳಿದ್ರು ನಿಮಗ? ರಾಜಾ ಬಂದು ಕಾಲು ಹಿಡಿತಾನ, ಆಕಿ ಮಾಫ ಮಾಡ್ತಾಳ, ಇಬ್ರೂ ಅರಮನಿಗಿ ಹೋಗ್ತಾರ. ಕಡೀಕ ಆರತಿ ಹಾಡೂ ಐತಿ!"

"ಕಾಡಿಗಿ ಅಟ್ಟಿದವನ ಬಂದು ಕಾಲು ಹಿಡಿತಾನೇನು?"

"ಅಟ್ಟಿದ್ನಾ? ಯಾಕ?" ಈಗ ಬೆರಗಾಗುವ ಸರದಿ ಅವನದು. "ಅದು ನನಗ ಗೊತ್ತಿಲ್ರಿ. ನಮ್ಮಲ್ಲಿ ಐದನೇ ರಿಕಾರ್ಡಿನಿಂದ ಅದಾವ. ಮೊದಲಿನ ನಾಲ್ಕು ಹುಕ್ಕೇರಿ ಮಾಮಾನ ಮನ್ಯಾಗ..."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀ... ಬಾಪುಸಾಹೇಬ ಮಾಮಾನ ಇಂದು ಏನು?"

ಇಂದುವಿಗೂ ಗುರುತು ಹತ್ತಿತು. ಇವನು ಭರತೇಶ! ಮನೆಯಲ್ಲಿ ಹೆಸರೆತ್ತಬಾರದ ಸೋದರತ್ತೆಯ ಮಗ!

ಹೆಸರೆತ್ತಬಾರದ್ದು ಯಾಕೆಂದರೆ, ಹನ್ನೆರಡು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ನಾಲ್ಕರಲ್ಲಿ, ಆ ಎರಡು ಮನೆ ಒಡೆದಿದ್ದವು. ಇಂದುವಿನ ಅಪ್ಪ ಬಾಪುಸಾಹೇಬ ಮತ್ತು ಅವರ ಅಕ್ಕ ಜಿನ್ನವ್ವನ ಗಂಡ ಸೇರಿ ಗೋಕಾಕದಲ್ಲಿ ಅರಿವೆ ಅಂಗಡಿ ನಡೆಸುತ್ತಿದ್ದರು. ಮಾತಿಗೆ ಮಾತು ಬೆಳೆದು ಅಂಗಡಿ ಮುರಿಯಿತು. ಆ ವಾರವಷ್ಟೇ ಬೆಳಗಾವಿಯಿಂದ ಒಂದು ನಾಟಕದ ಸೆಟ್ಟು ಬಂದಿತ್ತು. ದಪ್ಪ ಪುಸ್ತಕದಂಥ ಆಲ್ಬಮ್ಮು, ಒಳಗೆ ಎಂಟು ಕಾಗದದ ಚೀಲ, ಎಂಟು ರಿಕಾರ್ಡು, ಎಲ್ಲಾ ಸೇರಿ ಒಂದೇ ಕಥೆ. ಮಕ್ಕಳ ಕಿವಿಗೆ ಅದಿನ್ನೂ ಬಿದ್ದೇ ಇರಲಿಲ್ಲ. ಪಂಚರು ಕೂತು ಗಾದಿ, ಗಜಕೋಲು, ಕಪಾಟು ಸಮಪಾಲು ಮಾಡಿದವರು ಅದನ್ನೂ ಬಿಡಲಿಲ್ಲ! ನಾಲ್ಕು ಅವರಿಗೆ, ನಾಲ್ಕು ಇವರಿಗೆ. ಒಂದು ಕಥೆಯನ್ನು ನಡುವೆ ಸೀಳುತ್ತಿದ್ದೇವೆ ಅನ್ನುವ ಬುದ್ಧಿ ಅಷ್ಟು ದೊಡ್ಡ ರುಮಾಲುಗಳಲ್ಲಿ ಒಂದಕ್ಕೂ ಬರಲಿಲ್ಲ ನೋಡಿ.

ಬಾಪುಸಾಹೇಬರು ಹುಕ್ಕೇರಿಗೆ ಬಂದು ಬೇರೆ ಅಂಗಡಿ ಹಾಕಿದರು. ಆಲ್ಬಮ್ಮಿನ ನಾಲ್ಕು ಖಾಲಿ ಚೀಲ ತೋರಿಸಿ ಇಂದು ಕೇಳಿದರೆ, "ಒಡದು ಹೋಗ್ಯಾವ, ಸುಮ್ನಿರು" ಅನ್ನುತ್ತಿದ್ದಳು ಅವ್ವ.

ಹಾಗಾಗಿ ಇಂದುವಿನ ಕಥೆ ನಾಲ್ಕನೆಯ ರಿಕಾರ್ಡಿಗೇ ಮುಗಿಯುತ್ತಿತ್ತು. ರಾಜ ಪ್ರೀತಿ ಮಾಡುತ್ತಾನೆ, ಯಾರದೋ ಚಾಡಿ ಕೇಳುತ್ತಾನೆ, ವಿಚಾರಿಸದೆ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ರಾಣಿ ಹೊಳೆಯ ದಂಡೆಯಲ್ಲಿ ಅಳುತ್ತಾಳೆ. ಅಷ್ಟೇ! ಮುಂದೆ ಹೊಳೆಗೆ ಹಾರಿ ಸತ್ತಳು ಅಂತ ಇಂದು ತಾನೇ ತಿಳಿದುಕೊಂಡಿದ್ದಳು. ಯುದ್ಧದ ಕಾಲದಲ್ಲಿ ಸೂಜಿ ಸಿಗದಾಗಲೂ ಇಂದು ಜಾಲಿ ಮುಳ್ಳು ಸಿಕ್ಕಿಸಿ ಆ ಅಳುವನ್ನು ಕೇಳುತ್ತಿದ್ದಳು. ಕನ್ಯೆ ನೋಡಲು ಬಂದ ಮೂವರನ್ನು ಬೇಡ ಅಂದಿದ್ದಳು. 'ಇವತ್ತು ನಗ್ತಾನ, ನಾಳೆ ಅಟ್ತಾನ.' ಅವಳ ಮನಸ್ಸಿಗೆ ಬೇರೆ ಕಥೆಯೇ ತಿಳಿದಿರಲಿಲ್ಲ, ಪಾಪ!

ಗೋಕಾಕದ ಭರತೇಶನಿಗೋ ಕಥೆ ಶುರುವಾಗುವುದೇ ರಾಜನ ಪಶ್ಚಾತ್ತಾಪದಿಂದ. ಯಾವ ತಪ್ಪಿಗೆ ಅಂತ ಅವನು ಕೇಳಿಕೊಂಡವನೇ ಅಲ್ಲ. ಚಿಕ್ಕಂದಿನಲ್ಲಿ ಏನಾದರೂ ಒಡೆದರೆ ರಾಜನ ಮಾತನ್ನೇ ಹೇಳುತ್ತ ಜಿನ್ನವ್ವನ ಕಾಲಿಗೆ ಬೀಳುತ್ತಿದ್ದ. ಆಕೆ ನಕ್ಕು ಎಬ್ಬಿಸುತ್ತಿದ್ದಳು. ತಪ್ಪು ಮಾಡಿದರೆ ಮಾಫಿ ಇದ್ದೇ ಇದೆ ಅಂತ ಹುಡುಗ ಬೆಳೆದ.

ಆ ಮಧ್ಯಾಹ್ನ ಇಂದು ಅವನ ನಾಲ್ಕೂ ರಿಕಾರ್ಡು ಕೇಳಿದಳು. ಆರತಿ ಹಾಡು ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಅಳಾಕ ಏನಾತ? ಎಲ್ಲಾ ಚಲೋನ ಆತಲ್ಲ!"

"ಚಲೋ ಆಗ್ತೈತಿ ಅಂತ ನನಗ ಯಾರೂ ಹೇಳಿರಲಿಲ್ರಿ..."

ಭರತೇಶ ಅಲ್ಲೇ ಸೋತುಹೋದ. ಮನೆಗೆ ಹೋದವನೇ, ಲಗ್ನ ಆದರೆ ಇಂದುವನ್ನೇ ಅಂತ ಅವ್ವನಿಗೆ ಗಂಟುಬಿದ್ದ. ತಮ್ಮನ ಮುಖ ನೋಡಲು ಹನ್ನೆರಡು ವರ್ಷ ಕಾದಿದ್ದ ಜಿನ್ನವ್ವ ಗಂಡನನ್ನು ಒಪ್ಪಿಸಿಯೇ ಬಿಟ್ಟಳು. ಸಾಕರಪುಡಾ ಆಯಿತು. ಎರಡೂ ಮನೆಯವರು ಸಕ್ಕರೆ ಹಂಚಿ ಲಗ್ನ ನಿಶ್ಚಯ ಮಾಡಿದರು.

ಇಂದುವಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ! ಚಿಕ್ಕಂದಿನಲ್ಲಿ ಕೇಳಿ ಆಮೇಲೆ ಇಷ್ಟು ವರ್ಷ ಮುಟ್ಟದಿದ್ದ ಒಂದನೆಯ ರಿಕಾರ್ಡನ್ನು ಈಗ ದಿನಾ ಮಧ್ಯಾಹ್ನ ತನ್ನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಹಚ್ಚುತ್ತಿದ್ದಳು. ಅದರಲ್ಲಿ ಹಾಡಿಲ್ಲ, ಬರೀ ಮಾತು. ರಾಜ ತೋಟದಲ್ಲಿ ಕುಸುಮಾವತಿಯನ್ನು ಮೊದಲು ಮಾತಾಡಿಸುವ ಮಾತು. ಕೇಳುತ್ತ ಅವಳು ಭರತೇಶನನ್ನು ನೆನೆಸಿಕೊಂಡು ಒಬ್ಬಳೇ ನಗುತ್ತಿದ್ದಳು.

ಲಗ್ನಕ್ಕೆ ಇಪ್ಪತ್ತು ದಿನ ಇರುವಾಗ ಗೋಕಾಕದಿಂದ ಒಂದು ಕಾರ್ಡು ಬಂತು.

'ಲಗ್ನ ಆಗೂದಿಲ್ಲ. ಕಾರಣ ಇಂದೂಗೇ ಗೊತ್ತೈತಿ. ಭರತೇಶ.'

ಬಾಪುಸಾಹೇಬರು ಮಗಳ ಮುಖ ನೋಡಿದರು.

"ಏನಾರ ಆಗೇತೇನವ್ವಾ?"

"ಇಲ್ಲಪ್ಪಾ... ನಿನ್ನಾಣಿ ಏನೂ ಇಲ್ಲ!"

ಅವರು ರುಮಾಲು ಸುತ್ತಿಕೊಂಡು ಮೊದಲ ಮೋಟಾರಿಗೆ ಗೋಕಾಕಕ್ಕೆ ಹೋದರು. ಭಾವ ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಜಿನ್ನವ್ವ ಅಡುಗೆಮನೆಯಲ್ಲಿ ಅತ್ತಳು. ಭರತೇಶ ಕೋಣೆಯಿಂದ ಹೊರಗೇ ಬರಲಿಲ್ಲ. ಓಣಿಯ ಮಂದಿಯೆಲ್ಲ ನೋಡುವಂತೆ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು ಬಾಪುಸಾಹೇಬರು ತಿರುಗಿ ಬಂದರು. ಬಂದವರು ಹಾಸಿಗೆ ಹಿಡಿದರು. ಎರಡು ತಿಂಗಳಿಗೆ ತೀರಿಕೊಂಡರು.

ಕಡೆಯತನಕ ಅವರು ಮಗಳಿಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅದೇ ಇಂದುವಿಗೆ ತಾಳಲಾಗುತ್ತಿರಲಿಲ್ಲ.

ತೀರಿಕೊಂಡ ಹದಿನಾಲ್ಕನೆಯ ದಿನ, ಅಲ್ಲಿಯವರೆಗೆ ಗಂಡ ಬಿಡದಿದ್ದ ಜಿನ್ನವ್ವನನ್ನು ಕರೆದುಕೊಂಡು ಭರತೇಶ ಸಾವಿನ ಮನೆ ಮಾತಾಡಿಸಲು ಬಂದ. ಹೆಂಗಸರು ಒಳಗೆ ಒಬ್ಬರ ಕೊರಳಿಗೊಬ್ಬರು ಬಿದ್ದು ಅಳುತ್ತಿದ್ದರು. ಪಡಸಾಲೆಯಲ್ಲಿ ಅವನೂ ಇಂದುವೂ ಇಬ್ಬರೇ ಉಳಿದರು.

"ಮಾಮಾ ಹಿಂಗ ಹೋಗ್ತಾನಂತ ತಿಳಿದಿರಲಿಲ್ಲ, ಇಂದು..."

"ಕಾರಣ ಹೇಳ್ರಿ." ಅವಳ ಕಣ್ಣಲ್ಲಿ ನೀರಿರಲಿಲ್ಲ. "ನನಗ ಗೊತ್ತೈತಿ ಅಂತ ಬರದಿದ್ರಿ. ನನಗ ಗೊತ್ತಿಲ್ಲ."

"ಈಗ್ಯಾಕ ಅದು..."

"ಹೇಳ್ರಿ!"

ಭರತೇಶ ತಲೆ ತಗ್ಗಿಸಿದ. "ನಿಮ್ಮ ಬಾಜೂಮನಿ ಕೆಂಚವ್ವ ಗೋಕಾಕಕ್ಕ ಬಂದಾಗ ಹೇಳಿದ್ಲು. ದಿನಾ ಮಧ್ಯಾಹ್ನ ನಿನ್ನ ಖೋಲ್ಯಾಗ ಗಂಡಸಿನ ದನಿ ಕೇಳತೈತಂತ. 'ಚೆಲುವಿ, ತೋಟಕ ಬಾ, ನೀ ಇಲ್ಲದ ನಾ ಇರಲಾರೆ' ಅಂತಾನಂತ. ಬಾಗಲಾ ಮುಚ್ಚಿರತೈತಂತ... ಯಾರಂವ?"

ಇಂದುವಿಗೆ ನಗು ಬಂತೋ ಅಳು ಬಂತೋ ಆ ಮಹಾವೀರ ಸ್ವಾಮಿಗೇ ಗೊತ್ತು.

ಎದ್ದು ಖೋಲಿಗೆ ಹೋದಳು. ಬಾಗಿಲು ತೆರೆದೇ ಇಟ್ಟು ಪೆಟ್ಟಿಗೆಗೆ ಕೀಲಿ ಕೊಟ್ಟಳು. ಕರಕರ ಸಪ್ಪಳದ ನಡುವೆ ಗಂಡಸಿನ ದನಿ ಬಂತು.

"ಚೆಲುವೆ, ತೋಟಕ್ಕೆ ಬಾ... ನೀನಿಲ್ಲದೆ ನಾನಿರಲಾರೆ..."

ಆ ದನಿ ಭರತೇಶನಿಗೆ ಗೊತ್ತು! ಒಂಬತ್ತನೆಯ ವರ್ಷದಿಂದ ಗೊತ್ತು! ಅದು ಅವನದೇ ರಾಜ!

"ಕೆಂಚವ್ವಗ ಪೆಟಗಿ ಹಾಡತೈತಿ ಅಂತ ಅಷ್ಟ ಗೊತ್ತು, ಮಾತಾಡತೈತಿ ಅಂತ ಗೊತ್ತಿಲ್ಲ," ಇಂದು ಅಂದಳು. "ಆಕಿದು ತಪ್ಪಲ್ಲ. ಆದ್ರ ನೀವು? ಒಂದು ಸಲ ಬಂದು ಕೇಳಿದ್ರ ಸಾಕಿತ್ತಲ್ರಿ! ನಿಮ್ಮನ್ನ ನೆನಸಗೋಂತ ಹಚ್ಚತಿದ್ದೆ ಇದನ್ನ... ನಿಮ್ಮನ್ನ!"

ಅವನು ದಡಕ್ಕನೆ ಅವಳ ಕಾಲ ಬಳಿ ಬಿದ್ದ.

"ತಪ್ಪಾತು ಇಂದು! ಮಾಫ ಮಾಡು..."

"ಏಳ್ರಿ ಮ್ಯಾಲ!" ಅವಳು ಕಾಲು ಹಿಂದೆಳೆದುಕೊಂಡಳು. "ನಿಮ್ಮ ರಾಣಿ ಮೂರು ನಿಮಿಷದಾಗ ಮಾಫ ಮಾಡ್ತಾಳ. ಆಕಿ ಅಪ್ಪ ಸತ್ತಿರಲಿಲ್ಲ."

ಭರತೇಶನ ನಾಲ್ಕು ರಿಕಾರ್ಡಿನಲ್ಲಿ ಇಂಥ ಉತ್ತರ ಇರಲಿಲ್ಲ. ಅವ್ವನನ್ನು ಕರೆದುಕೊಂಡು ಹೊರಟುಹೋದ.

ಎರಡು ದಿನಕ್ಕೆ ತಿರುಗಿ ಬಂದ. ಮನೆಗಲ್ಲ, ಬಾಪುಸಾಹೇಬರ ಅಂಗಡಿಗೆ. ಇಂದುವಿನ ಅವ್ವನಿಂದ ಕೀಲಿಕೈ ಬೇಡಿ ತೆಗೆದುಕೊಂಡು, ಧೂಳು ಹೊಡೆದು, ಗಾದಿ ಬಿಟ್ಟು ಬರೀ ನೆಲದ ಮೇಲೆ ವ್ಯಾಪಾರಕ್ಕೆ ಕೂತ. ಮರುದಿನವೂ ಬಂದ. ಅವನ ಅಪ್ಪ "ಆ ಮನಿ ಜೀತಕ್ಕ ನಿಂತಿ, ನನ್ನ ಮನಿಗಿ ಬರಬ್ಯಾಡ" ಅಂದುಬಿಟ್ಟ. ಅವನು ಹುಕ್ಕೇರಿಯಲ್ಲೇ ಒಂದು ಕೋಣೆ ಹಿಡಿದ. ಲಗ್ನ ಇಲ್ಲದ ಮನೆ ಅಳಿಯ ಅಂತ ಪೇಟೆಯೆಲ್ಲ ನಕ್ಕಿತು. ನಗಲಿ ಬಿಡಿ, ಬಾಪುಸಾಹೇಬರು ಬಿಸಿಲಲ್ಲಿ ನಿಂತಾಗ ಗೋಕಾಕದ ಓಣಿ ನಕ್ಕಿರಲಿಲ್ಲವೇ?

ಏಳು ತಿಂಗಳು ಇಂದು ಆ ದಾರಿ ತುಳಿಯಲಿಲ್ಲ. ಆದರೆ ದಿನಾ ಅಂಗಡಿ ತೆಗೆಯುವ ಹೊತ್ತಿಗೆ ಅವಳ ಕಿವಿ ತಾನೇ ಬೀದಿಗೆ ಹೋಗುತ್ತಿತ್ತು. ಒಂದು ದಿನ ಜ್ವರ ಬಂದು ಅವನು ಅಂಗಡಿ ತೆಗೆಯಲಿಲ್ಲ. ಆ ದಿನವೆಲ್ಲ ಅವಳು ಅನ್ನ ಮುಟ್ಟಲಿಲ್ಲ. 'ಥೂ, ನಾಚಿಕಿ ಇಲ್ಲದ ಮನಸ ಇದು!' ಅಂತ ತನ್ನನ್ನೇ ಬೈದುಕೊಂಡಳು.

ಮೂರು ದಿನ ಬಿಟ್ಟು ಅಂಗಡಿ ತೆರೆಯಿತು. ಮಧ್ಯಾಹ್ನ ಅವಳು ಬಂದು ಎದುರಿಗೆ ನಿಂತಳು. ಅವನು ಗಾಬರಿಯಿಂದ ಎದ್ದ. ಬಡವಾಗಿದ್ದ.

"ಊಟಾ ಆತೇನ್ರಿ?"

"ಇಲ್ಲ."

"ನಾ ಮಾಫ ಮಾಡಿಲ್ಲ."

"ಗೊತ್ತೈತಿ."

"ಮಾಡತೇನೋ ಇಲ್ಲೋ, ಅದೂ ಗೊತ್ತಿಲ್ಲ. ಅಪ್ಪನ ನೆನಪಾದಾಗೆಲ್ಲ ನಿಮ್ಮ ಮುಖಾ ನೋಡಿದ್ರ ಸಿಟ್ಟು ಬರತೈತಿ."

"ಬರಲಿ."

"ಹಂಗಿದ್ರೂ ಲಗ್ನ ಆಗ್ತೀರೇನು?"

ಭರತೇಶನಿಗೆ ಕೇಳಿದ್ದು ಖರೆಯೋ ಸುಳ್ಳೋ ತಿಳಿಯಲಿಲ್ಲ.

"ಆಗತೇನಿ... ಆದ್ರ ಇಂದು, ಇಷ್ಟು ಸಿಟ್ಟಿದ್ದು ನೀ ಯಾಕ ಆಗಾಕತ್ತಿ?"

ಏಳು ತಿಂಗಳು ಒಣಗಿದ್ದ ಅವಳ ಕಣ್ಣು ತುಂಬಿ ಬಂದವು.

"ಮಾಫ ಮಾಡಿಲ್ಲಂತ ದಿನಾ ಹೇಳಬೇಕಂದ್ರ, ನೀವು ಬಾಜೂಕ ಇರಬೇಕಲ್ರಿ! ನನಗ ಬ್ಯಾರೆ ಯಾರೂ ಬ್ಯಾಡ... ಸಿಟ್ಟು ಮಾಡಾಕೂ ನೀವ ಬೇಕು."

"ಹೇಳು," ಅವನು ಮೆಲ್ಲಗೆ ಅಂದ. "ಸಾಯೂತನಕ ದಿನಾ ಹೇಳು. ನಾ ಎಲ್ಲಿಗೂ ಹೋಗಂಗಿಲ್ಲ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಇವತ್ತಿಂದು ಹೇಳಿ ಆತು. ನಡೀರಿ ಮನಿಗಿ, ರೊಟ್ಟಿ ಆರತಾವು."