ಹನ್ನೆರಡಕ್ಕೆ ನಿಂತ ಎಣಿಕೆ

“ನನ್ನ ತಮ್ಮ ಮುಂಗೋಪಿ, ಒಪ್ಪಿದೆ. ಕೊಲೆ ಮಾಡೋನಲ್ಲ, ಯಜಮಾನ್ರೇ. ನಾಡಿದ್ದು ಜೈಲಿಗೆ ಕಳಿಸ್ತಾರಂತೆ. ನೀವೇ ಏನಾದ್ರೂ ಮಾಡ್ಬೇಕು.”

ಹೀಗೆಂದು ಕಂದೀಲಕ್ಕ ಹೊಸ್ತಿಲಲ್ಲೇ ಕುಸಿದು ಕೂತಳು. ಸಂಜೆ ಹೊತ್ತು ಹಳೆಯ ಪೇಟೆಯ ಓಣಿಗಳಲ್ಲಿ ಜನರನ್ನು ಸುತ್ತಾಡಿಸಿ ದೆವ್ವದ ಕತೆ ಹೇಳುವುದು ಅವಳ ಕಸುಬು. ಕಂದೀಲು ಹಿಡಿದೇ ನಡೆಯುತ್ತಿದ್ದುದರಿಂದ ಆ ಹೆಸರು. ಅವಳು ಬಂದದ್ದು ಮೋಜಣಿದಾರರ ಮನೆಗೆ. ಭೂಮಿ ಅಳೆಯುವ ನೌಕರಿಯಿಂದ ನಿವೃತ್ತರಾದ ಆ ಮಿತಭಾಷಿ, ಪೊಲೀಸರು ಕೈಚೆಲ್ಲಿದ ಎಷ್ಟೋ ಪ್ರಕರಣಗಳನ್ನು ಬಗೆಹರಿಸಿದ್ದರು. ಅವರ ಜೊತೆಗೆ ಪ್ರತಿ ಸಲವೂ ಹೋಗುತ್ತಿದ್ದವಳು ನಾದಿನಿ, ಮಹಡಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ದರ್ಜಿ. ಈ ಸಲ ಅವಳ ಪಾಲು ಇನ್ನೂ ಹೆಚ್ಚಿತ್ತು. ಕೊಲೆಯಾದ ಸಂಜೆ ಟಿಕೆಟ್ ಕೊಂಡು ಸುತ್ತಲು ಹೋಗಿದ್ದ ಹನ್ನೆರಡು ಮಂದಿಯಲ್ಲಿ ಅವಳೂ ಒಬ್ಬಳು.

ಸಂಗತಿ ಇಷ್ಟು. ಆ ಪೇಟೆಯ ಉಗ್ರಾಣವೊಂದರಲ್ಲಿ ಹಿಂದೆ ಬೆಂಕಿ ಬಿದ್ದು ಒಂಬತ್ತು ಕೂಲಿಗಳು ಸತ್ತಿದ್ದರು. ಹೊರಗಿನಿಂದ ಬೀಗ ಹಾಕಿತ್ತು. ಅದರ ಪಕ್ಕದ ಓಣಿಯಲ್ಲಿ ಕಂದೀಲಕ್ಕ ದೀಪ ಆರಿಸಿ, ಸಾಲಾಗಿ ನಿಂತವರಿಂದ ಒಂದು, ಎರಡು ಎಂದು ಎಣಿಕೆ ಹೇಳಿಸುತ್ತಿದ್ದಳು. ಕೊನೆಯವರು ಮುಗಿಸಿದ ಮೇಲೆ ಕತ್ತಲೆಯೊಳಗಿಂದ ಇನ್ನೊಂದು ದನಿ ಮುಂದಿನ ಅಂಕಿ ಹೇಳುತ್ತಿತ್ತು. ಆ ದನಿ ಉಗ್ರಾಣದ ಹಳೆಯ ಕಾವಲುಗಾರನದು. ಅವನು ಒಳಗೆ ಕೂತು, ಗೋಡೆಯಲ್ಲಿದ್ದ ಕೊಳವೆಗೆ ಕಿವಿಗೊಟ್ಟು, ಕೊನೆಯ ಅಂಕಿಗೆ ಒಂದು ಕೂಡಿಸಿ ಅದರಲ್ಲೇ ಹೇಳಿ, ಹೊಗೆ ಸೇದಲು ಹಿಂಬಾಗಿಲಿಗೆ ಹೋಗುತ್ತಿದ್ದ. ಓಣಿಯಲ್ಲಿ ಕಂದೀಲಕ್ಕ ಕತ್ತಲೆಯಲ್ಲೇ ಬೆಂಕಿಯ ಕತೆ ಮುಂದುವರಿಸುತ್ತಿದ್ದಳು.

ಅಂದು ಎಣಿಕೆ ಹನ್ನೆರಡಕ್ಕೆ ನಿಂತಿತು. ಹದಿಮೂರು ಬರಲೇ ಇಲ್ಲ. ಸುತ್ತು ಮುಗಿಸಿ ಹೋಗಿ ನೋಡಿದರೆ ಕಾವಲುಗಾರ ಹಿಂಬಾಗಿಲಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ.

“ಎಣಿಕೆಗೆ ಮೊದ್ಲೇ ಸತ್ತಿದ್ದಾನೆ ಅಂತಾರೆ ಇನ್ಸ್‌ಪೆಕ್ಟ್ರು. ಆಗ ಅಲ್ಲಿಗೆ ಹೋಗಿದ್ದವನು ನನ್ನ ತಮ್ಮ ಒಬ್ಬನೇ. ಕುಡಿಬೇಡ ಅಂತ ಕಾವಲುಗಾರನ ಹತ್ರ ಕೂಗಾಡಿ ಬಂದಿದ್ದ. ಎಣಿಕೆ ಹೊತ್ತಿಗೆ ಟಿಕೆಟ್ ಕಿಟಕಿಯಲ್ಲಿದ್ದ. ಹತ್ತು ಜನ ನೋಡಿದ್ದಾರೆ. ಅದು ಲೆಕ್ಕಕ್ಕೆ ಬರಲ್ವಂತೆ.”

ಮೋಜಣಿದಾರರು ನಾದಿನಿಯ ಕಡೆ ತಿರುಗಿದರು. “ನೀನು ಎಷ್ಟನೆಯವಳು?”

“ಹನ್ನೊಂದು, ಭಾವ. ನನ್ನ ಹಿಂದೆ ಬೆಳ್ಳಿಕೋಲಿನ ಮುದುಕರು. ಏನು ದೊಡ್ಡಸ್ತಿಕೆ ಅಂತೀರಿ! ಕಾಲ ಬುಡದಲ್ಲಿ ಬಿದ್ದ ಟಿಕೆಟ್ಟನ್ನ ನನ್ನ ಕೈಲಿ ಎತ್ತಿಸಿದ್ರು.”

“ಹನ್ನೆರಡು ಅಂದದ್ದು ಕೇಳಿದೆಯಾ?”

“ಕೇಳ್ದೆ. ಮೊಣಕಾಲ ಹತ್ರ ಬಂತು ದನಿ. ಬೂಟು ಕಟ್ಕೊಳ್ತಿದ್ರೋ ಏನೋ.”

“ಮೊಣಕಾಲಾ, ಸೊಂಟವಾ?”

“ಇಪ್ಪತ್ತು ವರ್ಷದಿಂದ ಲಂಗದ ಅಂಚು ಮಡಚ್ತಿದ್ದೀನಿ. ಮೊಣಕಾಲು ಎಲ್ಲಿದೆ ಅಂತ ನನಗೆ ಹೇಳಿಕೊಡ್ತೀರಾ?”

ಅವರು ಅಳತೆಪಟ್ಟಿ ತೆಗೆದುಕೊಂಡು ಉಗ್ರಾಣಕ್ಕೆ ಹೊರಟರು. ಕಾವಲುಗಾರನ ಹಾಸಿಗೆಯನ್ನು ಮಗುಚಿ ನೋಡಿದರು. ಓಣಿಯ ಗೋಡೆಯನ್ನು ಅಳೆದು ಚೀಟಿಯಲ್ಲಿ ಒಂದೇ ಅಂಕಿ ಬರೆದುಕೊಂಡರು.

ಮರುದಿನ ಸಂಜೆ ಹನ್ನೆರಡು ಮಂದಿಯೂ ಅದೇ ಓಣಿಯಲ್ಲಿ ಅದೇ ಸಾಲಿನಲ್ಲಿ ನಿಂತರು. ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೈಕೋಳ ಹಾಕಿದ್ದ ತಮ್ಮ ತಲೆತಗ್ಗಿಸಿದ್ದ. ಕಂದೀಲಕ್ಕ ದೀಪ ಆರಿಸಿದಳು. ಎಣಿಕೆ ಸಾಗಿತು.

“ಹನ್ನೊಂದು,” ಎಂದಳು ದರ್ಜಿ.

“ಹನ್ನೆರಡು.” ಅದು ಅವಳ ಹೆಗಲಿನ ಮೇಲಿಂದ ಬಂತು.

“ಹದಿಮೂರು.”

ದರ್ಜಿ ತಟ್ಟನೆ ಪಕ್ಕಕ್ಕೆ ಸರಿದಳು. ಅವಳ ಮೊಣಕಾಲ ಬಳಿ, ಅಂದು ಹನ್ನೆರಡು ಕೇಳಿಸಿದ ಜಾಗದಿಂದಲೇ ಆ ದನಿ ಎದ್ದಿತ್ತು.

“ದೀಪ ಹಚ್ಚಮ್ಮ,” ಎಂದರು ಮೋಜಣಿದಾರರು. “ಒಳಗೆ ಕೂತವರು ಪೊಲೀಸ್ ಪೇದೆ. ಕೊಳವೆಯ ಬಾಯಿ ನೆಲದಿಂದ ಒಂದೂವರೆ ಅಡಿ ಮೇಲಿದೆ.” ಬಳಿಕ ಕೊನೆಯಲ್ಲಿದ್ದವರನ್ನು ಕೇಳಿದರು: “ಅಂದು ಹನ್ನೆರಡು ಅಂದವರು ನೀವೇ ತಾನೆ?”

“ನಾನೇ. ನನ್ನ ಹಿಂದೆ ಇನ್ಯಾರಿದ್ರು?” ಎಂದ ಬೆಳ್ಳಿಕೋಲಿನ ಮುದುಕ.

“ಬಗ್ಗಿ ಹೇಳಿದ್ರಾ?”

“ಬಗ್ಗೋದಾ? ಸೊಂಟಕ್ಕೆ ಪಟ್ಟಿ ಬಿಗಿದು ಆರು ವರ್ಷ ಆಯ್ತು, ಸ್ವಾಮಿ. ಬಿದ್ದ ಕರವಸ್ತ್ರ ಎತ್ತೋಕೂ ಜನ ಬೇಕು.”

“ಸರಿ. ಅಂದಮೇಲೆ ಮೊಣಕಾಲೆತ್ತರದಲ್ಲಿ ಬಂದ ಹನ್ನೆರಡು ನಿಮ್ಮದಲ್ಲ, ಕಾವಲುಗಾರನದು. ಎಣಿಕೆ ಮುಗಿಯುವ ತನಕ ಅವನು ಬದುಕಿದ್ದ. ಕೊನೆಯ ಅಂಕಿಗೆ ಒಂದು ಕೂಡಿಸಿ ಹೇಳುವವನು ಹನ್ನೆರಡು ಎಂದರೆ, ಸಾಲಿನಲ್ಲಿ ಆಗ ಇದ್ದವರು ಹನ್ನೊಂದೇ ಮಂದಿ. ಇಲ್ಲದಿದ್ದವರು ನೀವು. ದೀಪ ಆರಿದೊಡನೆ ಹಿಂದೆ ಸರಿದು ಹಿಂಬಾಗಿಲಲ್ಲಿ ಕಾದಿರಿ. ಅವನು ಹೊಗೆ ಸೇದಲು ಬಂದಾಗ ಕೋಲಿನಿಂದ ಹೊಡೆದಿರಿ. ಬೆಂಕಿಯ ಕತೆ ಮುಗಿಯುವುದರೊಳಗೆ ಸಾಲಿಗೆ ಮರಳಿದಿರಿ. ಎಣಿಕೆ ನಿಮಗೆ ಕೇಳಿಸಿರಲಿಲ್ಲ. ಹನ್ನೆರಡಕ್ಕೆ ನಿಂತಿತೆಂದು ಪೊಲೀಸರಿಂದ ತಿಳಿದ ಮೇಲೆ ಆ ಅಂಕಿಯನ್ನು ನಿಮ್ಮದು ಮಾಡಿಕೊಂಡಿರಿ.”

“ಆ ಕಾವಲುಗಾರ ಯಾರೋ ನಾನ್ಯಾರೋ! ನನಗೇನು ಹಗೆ?”

ಮೋಜಣಿದಾರರು ಜೇಬಿನಿಂದ ಮಡಚಿದ ಕಾಗದ ತೆಗೆದರು. “ಅವನು ನಿಮಗೆ ಕಳಿಸಿದ ಪತ್ರದ ಕರಡು ಹಾಸಿಗೆಯಡಿ ಸಿಕ್ಕಿ ಪೊಲೀಸರ ಬಳಿ ಇದೆ, ಇದು ಅದರ ನಕಲು. ಮೇಲೆ ನಿಮ್ಮ ವಿಳಾಸವಿದೆ. ‘ಮೇಸ್ತ್ರಿಗಳೇ, ಬೀಗ ಹಾಕು ಅಂದೋರು ನೀವು, ಹಾಕಿದೋನು ನಾನು. ದಿನಾ ಸಂಜೆ ಎಣಿಸಿ ಎಣಿಸಿ ಸಾಕಾಗಿದೆ. ಸಾಯೋ ಮೊದಲು ಒಂಬತ್ತು ಮನೆಗೂ ಹೋಗಿ ಹೇಳ್ತೀನಿ.’”

ಇನ್ಸ್‌ಪೆಕ್ಟರ್ ಕೋಲನ್ನು ಕಿತ್ತುಕೊಂಡು ದೀಪಕ್ಕೆ ಹಿಡಿದರು. ಬೆಳ್ಳಿಯ ಹಿಡಿ ಒಂದು ಕಡೆ ತಗ್ಗಾಗಿತ್ತು. ತಮ್ಮನ ಕೈಯಿಂದ ತೆಗೆದ ಕೋಳ ಮುದುಕನ ಕೈಗೆ ಬಿತ್ತು.

“ಆ ಒಂಬತ್ತು ಮನೆಗೆ ಇನ್ನು ಯಾರು ಹೋಗ್ತಾರೆ, ಭಾವ?” ಎಂದು ದರ್ಜಿ ಮೆಲ್ಲನೆ ಕೇಳಿದಳು.

ಉತ್ತರ ಕಂದೀಲಕ್ಕನಿಂದ ಬಂತು. “ಅವರ ಸಾವಿನ ಕತೆ ಹೇಳಿ ಹೊಟ್ಟೆ ಹೊರೆದೋಳು ನಾನು. ನಾನೇ ಹೋಗ್ತೀನಿ.”

ಅವಳು ಕಾಗದವನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಓಣಿಯ ಬಾಯಲ್ಲಿ ಕಂದೀಲು ಎತ್ತಿ ಹಿಡಿದು, ಹೊರಬರುವ ಸಾಲಿನವರನ್ನು ರೂಢಿಯಂತೆ ಎಣಿಸಿದಳು. ಹನ್ನೊಂದು ಮಂದಿ ಬಂದರು. ಕೊನೆಗೆ, ಮಣಿಕಟ್ಟು ಉಜ್ಜಿಕೊಳ್ಳುತ್ತ, ತಮ್ಮ ಬಂದ.

“ಹನ್ನೆರಡು,” ಎಂದಳು.