ಒಂಬತ್ತು ಇಟ್ಟಿಗೆ ಚೂರು

ಬೂದೆಪ್ಪ ಮೇಸ್ತ್ರಿ ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ ಹತ್ತುತ್ತಿದ್ದ. ಎಲ್ಲಿಗೆ ಅಂತ ಯಾರಿಗೂ ಹೇಳುತ್ತಿರಲಿಲ್ಲ. ಹೆಂಡತಿ ತೀರಿಕೊಂಡು ಆರು ವರ್ಷವಾದ ಗಂಡಸು ಹಾಗೆ ಹೋದರೆ ಹೆಣ್ಣಿಗಲ್ಲದೆ ಮತ್ಯಾತಕ್ಕೆ?

ನಾನೂ ಗಂಡ ಸತ್ತವಳು. ಅವನು ಕಟ್ಟುವ ಗೋಡೆಗೆ ಇಟ್ಟಿಗೆ ಹೊತ್ತು ಕೊಡುವವಳು. ಕೇಳುವ ಹಕ್ಕು ನನಗಿಲ್ಲ. ಆದರೆ ತಿಳಿಯದಿದ್ದರೆ ಅನ್ನ ಇಳಿಯುವುದಿಲ್ಲ. ನಾಳೆ ನಮ್ಮ ಹೆಂಗಸರ ಗುಂಪು ದೂರದ ಬೇಗಂಪೇಟೆಯ ಕಟ್ಟಡದ ಕೆಲಸಕ್ಕೆ ಹೋಗುತ್ತದೆ, ಅವನು ಇಲ್ಲೇ ಉಳಿಯುತ್ತಾನೆ. ಇವತ್ತು ತಪ್ಪಿದರೆ ಇನ್ನೆಂದೂ ಇಲ್ಲ. ಸೆರಗು ಮುಖಕ್ಕೆಳೆದುಕೊಂಡು ಅವನ ಬಸ್ಸನ್ನೇ ಹತ್ತಿದೆ.

ಇಳಿದದ್ದು ಊರಾಚೆಯ ಹಿಮಾಯತ್ ಸಾಗರ ಕೆರೆಯ ದಂಡೆಯಲ್ಲಿ. ಮಾರ್ಚ್ ತಿಂಗಳ ಗಾಳಿ ಸೀರೆಯನ್ನು ಎಳೆದಾಡುತ್ತಿತ್ತು. ಕೆರೆಗೆ ಸಮುದ್ರದ ಹಾಗೆ ಅಲೆ. ಹೆಣ್ಣಿನ ಸುಳಿವಿಲ್ಲ. ಬೂದೆಪ್ಪ ಬಂಡೆಯ ಮೇಲೆ ಕುಳಿತು ಕಣ್ಣಿಗೆ ದುರ್ಬೀನು ಹಿಡಿದಿದ್ದ.

"ಎಲ್ಲಿದಾಳ ಆಕಿ?" ಅಂದೆ, ಜೋರಾಗಿಯೇ.

ತಿರುಗಿ ನೋಡಿದವನ ಕಿವಿಯೂ ಕೆಂಪಾಯಿತು. ಅಷ್ಟರಲ್ಲಿ ನೀರಿನ ಮೇಲಿದ್ದ ಬಾತಿನಂಥ ದೊಡ್ಡ ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದವು. ಅವನು ಒಂದು ಹಿಡಿ ಕಲ್ಲು ನನ್ನ ಉಡಿಗೆ ಸುರಿದ.

"ಆಮ್ಯಾಲೆ ಬೈರಿ ಗದಿಗೆಮ್ಮ. ನಾ 'ಹಾಂ' ಅಂದಾಗೊಮ್ಮೆ ಒಂದು ಕಲ್ಲು ಕೆಳಗ ಹಾಕ್ರಿ. ಇಪ್ಪತ್ತು ಹಕ್ಕಿಗೊಂದು ಕಲ್ಲು."

ನಾವು ಇಟ್ಟಿಗೆ ಎಣಿಸುವುದೂ ಹೀಗೆಯೇ. ಸಿಟ್ಟು ಇಳಿದಿರಲಿಲ್ಲ, ಕೈ ಮಾತ್ರ ತಾನಾಗಿ ಕೆಲಸ ಮಾಡಿತು. ಹದಿನಾಲ್ಕು ಕಲ್ಲು ಬಿದ್ದವು.

"ಎಲ್ಲಿಗೆ ಹೊಂಟಾವ್ರಿ ಇವು?"

"ಹಿಮಾಲಯ ದಾಟಿ ಆ ಕಡೆ. ಥಂಡಿಗೆ ಬರ್ತಾವ, ಬಿಸಲಿಗೆ ಹೋಗ್ತಾವ." ದುರ್ಬೀನು ನನ್ನ ಕೈಗೆ ಕೊಟ್ಟ. "ತಲಿ ಮ್ಯಾಲೆ ಎರಡು ಕರಿ ಪಟ್ಟಿ ನೋಡ್ರಿ."

ನೋಡಿದೆ. ಯಾರೋ ಬೆರಳಿಂದ ಮಸಿ ಎಳೆದ ಹಾಗಿತ್ತು.

"ಅಷ್ಟು ದೂರದ ದಾರಿ ಯಾರು ಹೇಳ್ತಾರ ಇವಕ್ಕ?"

"ಅದ ನನಗೂ ತಿಳಿವಲ್ದು. ಅದಕ್ಕ ವಾರಾವಾರ ಬರ್ತೀನಿ."

"ಹಕ್ಕಿ ನೋಡಾಕ ಇಸ್ತ್ರಿ ಅಂಗಿ ಯಾಕ್ರಿ?"

ಅವನ ಕಣ್ಣು ಬಂಡೆಯ ಸಂದಿಗೆ ಹೋಗಿ ಬಂತು. ನಾನೂ ಅಲ್ಲಿ ನೋಡಿದೆ. ಇಟ್ಟಿಗೆ ಚೂರುಗಳು, ಸಾಲಾಗಿ ಒಂಬತ್ತು.

"ಇವು ಯಾವ ಹಕ್ಕಿ ಲೆಕ್ಕ?"

"ಹಕ್ಕೀದಲ್ಲ." ಗಾಳಿಗೆ ಅವನ ಮಾತು ಅರ್ಧ ಹಾರಿತು. "ನಿಮ್ಮನ್ನ ಕರ್ಕೊಂಡು ಬರಬೇಕಂತ ಅಂಗಿ ಹಾಕ್ಕೊಂಡು ನಿಮ್ಮ ಶೆಡ್ಡಿನ ತನಕ ಬರ್ತಿದ್ದೆ. ನೀವು ಯಾರಿಗಾರ ಬೈಯಾಕತ್ತಿರ್ತಿದ್ರಿ. ಹಂಗ ತಿರುಗಿ ಬಸ್ ಹತ್ತತಿದ್ದೆ. ವಾರಕ್ಕೊಂದು ಚೂರು ಇಟ್ಟೆ."

"ಒಂಬತ್ತು ವಾರ! ಬಾಯಿಗೆ ಸಿಮೆಂಟ್ ಬಡ್ಕೊಂಡಿದ್ರೇನು?"

ಬೈಯುತ್ತಲೇ ಬಂಡೆಯ ಮೇಲೆ ಅವನ ಪಕ್ಕಕ್ಕೆ ಕುಳಿತೆ. ಅವನು ನಕ್ಕ. ಹಕ್ಕಿಗಳ ಸಾಲು ಆಕಾಶದಲ್ಲಿ ನೂಲಿನಷ್ಟಾಗಿತ್ತು.

"ಮುಂದಿನ ಐತವಾರ ಹಕ್ಕಿನೂ ಇರಂಗಿಲ್ಲ, ನೀವೂ ಇರಂಗಿಲ್ಲ," ಎಂದ.

ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

"ಬೇಗಂಪೇಟೆಗೂ ಬಸ್ ಐತಿ. ಇದ ಅಂಗಿ ಹಾಕ್ಕೊಂಡು ಬರ್ರಿ. ನಾ ಬೈಯಾಕತ್ತಿದ್ರೂ ಕರೀರಿ."